ಕೇಳಿ, ಕಾದು, ಮತ್ತೆ ಕೇಳುತ್ತಿದ್ದ ರಾಜೀವಿ ಮೇಡಂ

ಸಮುದ್ರಕ್ಕಿಳಿಯುವ ಸಣ್ಣ ದೋಣಿಗಳಿಗೆ ಗಾಳಿಮಳೆಯ ಎಚ್ಚರಿಕೆ ಮುಟ್ಟಿಸುವ ಯಂತ್ರಗಳ ತಂತ್ರಾಂಶವನ್ನು ಈ ಕರಾವಳಿಯಲ್ಲಿ ರೂಪಿಸಿದವರ ಪಟ್ಟಿಯನ್ನು ಯಾರಾದರೂ ಮುಂದೊಂದು ದಿನ ತಯಾರಿಸುವುದಾದರೆ, ಅದರ ಮೊದಲ ಸಾಲಿನಲ್ಲಿ ಬರಬೇಕಾದ ಹೆಸರು ಶ್ರೀಮತಿ ರಾಜೀವಿಯವರದು. ಬರಲಾರದು ಎಂಬುದೂ ನನಗೆ ಗೊತ್ತಿದೆ. ಏಕೆ ಬರಲಾರದು ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಅವರೊಬ್ಬರೇ.

ಮೂವತ್ತೈದು ವರ್ಷಗಳ ಸೇವೆಯನ್ನು ಪೂರೈಸಿ, ಈ ತಿಂಗಳ ಕೊನೆಯ ದಿನ, ಅವರು ಕೊಚ್ಚಿಯಲ್ಲಿರುವ ನಮ್ಮ ಸಂಸ್ಥೆಯ ಎಡಪ್ಪಳ್ಳಿ ಶಾಖೆಯಿಂದ ನಿವೃತ್ತರಾಗುತ್ತಿದ್ದಾರೆ. ತಿರುವನಂತಪುರದ ಕನ್ನಡಿಗರು ಈ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿರುವುದು ಮುಖ್ಯವಾಗಿ ಇಪ್ಪತ್ತು ವರ್ಷ ಪ್ರತಿ ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದ ರಾಜೀವಿ ಟೀಚರಿಗೆ. ಅವರು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಲಯಾಳದಲ್ಲಿ ಉತ್ತರ ಬಂದರೂ ಸಿಟ್ಟಾಗದೆ, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಎರಡನೆಯ ಸಲ ಕೇಳುತ್ತಿದ್ದುದನ್ನು ಬೇರೆಯವರು ಈ ಪುಟಗಳಲ್ಲಿ ಬರೆದಿರುತ್ತಾರೆ. ನನ್ನ ಪಾಲಿಗೆ ಬಂದದ್ದು ಅವರ ಕಚೇರಿಯ ಕೆಲಸ. ಸಂಪಾದಕಿ ನಿರ್ಮಲ ಅವರು ಮೈಸೂರಿನ ಸೌಜನ್ಯದಿಂದ, "ಎಂಟು ವರ್ಷ ಅವ್ರ ಕೈಕೆಳಗೆ ಇದ್ದೋರು ನೀವು. ನಿಮಗಿಂತ ಚೆನ್ನಾಗಿ ಯಾರು ಬರೀತಾರೆ ಗಣೇಶಪ್ರಸಾದ್?" ಎಂದು ಫೋನಿನಲ್ಲಿ ಕೇಳಿದಾಗ ಉಬ್ಬಿಹೋಗಿ ಒಪ್ಪಿಕೊಂಡೆ. ಒಂದೇ ಸಂಜೆಯಲ್ಲಿ ಐದು ಪುಟ ಬರೆದೂ ಮುಗಿಸಿದೆ. ಸರಳತೆ, ಸಜ್ಜನಿಕೆ, ಸಮಯಪಾಲನೆ, ಎಲ್ಲವೂ ಅದರಲ್ಲಿದ್ದವು. ಓದಿ ನೋಡಿದಾಗ ನನಗೇ ಹೇಸಿಗೆಯಾಯಿತು. ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಉಡುಪಿಯ ಕಡೆಯವನಾದ ನಾನು ಎರಡು ಸಾವಿರದ ಹನ್ನೊಂದರಲ್ಲಿ ಕೆಲಸಕ್ಕೆ ಸೇರಲು ತಿರುವನಂತಪುರಕ್ಕೆ ಬಂದಿಳಿದಾಗ ಮಲಯಾಳದ ಒಂದಕ್ಷರವೂ ಬಾರದು. ಕಾಸರಗೋಡಿನ ಕಡೆಯಿಂದ ಬಂದು ಅದಾಗಲೇ ಇಪ್ಪತ್ತೊಂದು ವರ್ಷ ಅಲ್ಲಿದ್ದ ರಾಜೀವಿ ಮೇಡಂ, ನನ್ನ ಹೆಸರು ಕೇಳಿದ ಕೂಡಲೇ ಕನ್ನಡದಲ್ಲಿ, "ಊಟಕ್ಕೆ ಎಂತ ವ್ಯವಸ್ಥೆ ಮಾಡಿದ್ದೀ?" ಎಂದರು. ತುಂಬಾ ಎಂಬ ಊರಿನ ಹತ್ತಿರ ಸಮುದ್ರದ ಸದ್ದು ಕೇಳುವಂಥ ಬಾಡಿಗೆ ಕೋಣೆಯೊಂದನ್ನು ಹುಡುಕಿಕೊಟ್ಟವರು ಅವರು. ಬಸ್ಸಿನ ಬೋರ್ಡುಗಳನ್ನೇ ಪಾಠಪುಸ್ತಕ ಮಾಡಿಕೊಂಡು ಮಲಯಾಳ ಓದಲು ಕಲಿಸಿದವರೂ ಅವರೇ. ಅವರ ಯಜಮಾನರಾದ ದಿನಕರ ಅವರು ಸೆಕ್ರೆಟೇರಿಯಟ್ಟಿನ ಕಾನೂನು ಇಲಾಖೆಯಲ್ಲಿದ್ದರು. ಅವರ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಊಟ ಮಾಡದೆ ಇರಲು ನನಗೆ ಅನುಮತಿಯಿರಲಿಲ್ಲ.

ಸೇರಿದ ಮೂರನೆಯ ತಿಂಗಳು ನಾನು ವಿದ್ಯುತ್ತಿನ ತಂತಿಗಳನ್ನು ತಿರುಗುಮುರುಗಾಗಿ ಸಿಕ್ಕಿಸಿ ಒಂದು ಸರ್ಕ್ಯೂಟ್ ಬೋರ್ಡನ್ನು ಸುಟ್ಟೆ. ಕೋಣೆಯ ತುಂಬ ಹೊಗೆ. ಮೇಡಂ ಕಿಟಕಿ ತೆಗೆದರು, ರಿಜಿಸ್ಟರ್ ತರಿಸಿದರು, "ನನ್ನ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ" ಎಂದು ಇಂಗ್ಲಿಷಿನಲ್ಲಿ ಬರೆದು ತಮ್ಮ ಸಹಿ ಹಾಕಿದರು. ಬೋರ್ಡು ಸುಟ್ಟಾಗ ಅವರು ಕ್ಯಾಂಟೀನಿನಲ್ಲಿದ್ದರು. ನಾನು ಧನ್ಯವಾದ ಹೇಳಹೋದರೆ, "ಸುಮ್ಮನಿರು ಮಾರಾಯ, ಕಲಿಯುವಾಗ ಸುಡದೆ ಮತ್ತೆ ಯಾವಾಗ ಸುಡುವುದು?" ಎಂದರು. ಇಂಥ ಉಪಕಾರಗಳು ಮನುಷ್ಯನಿಗೆ ಎಷ್ಟು ಬೇಗ ಅಭ್ಯಾಸವಾಗಿಬಿಡುತ್ತವೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಇನ್ನು ಅವರ ಕೆಲಸದ ವಿಷಯ. ಯಾವುದೇ ಯಂತ್ರವನ್ನು ಚಾಲೂ ಮಾಡಿದಾಗ ಅದರ ಆಪರೇಟಿಂಗ್ ಸಿಸ್ಟಂ ಕಣ್ಣು ಬಿಡುವ ಮೊದಲ ಕೆಲವು ಕ್ಷಣಗಳುಂಟು. ಪರದೆಯಲ್ಲಿ ಇನ್ನೂ ಏನೂ ಮೂಡಿರುವುದಿಲ್ಲ, ಏನಾದರೂ ತಪ್ಪಿದರೆ ಬರೆದಿಡಲು ಜಾಗವೂ ಇರುವುದಿಲ್ಲ. ಆ ಹೊತ್ತಿನಲ್ಲೇ ಅದು ತನ್ನ ಜೊತೆಗಿರುವ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು, ನಿನ್ನೊಳಗಿರುವ ಫರ್ಮ್‌ವೇರ್ ಯಾವ ಆವೃತ್ತಿಯದು ಎಂದು ಕೇಳಬೇಕು. ಫರ್ಮ್‌ವೇರ್ ಎಂದರೆ ತಯಾರಕರೇ ಚಿಪ್ಪಿನೊಳಗೆ ತುಂಬಿ ಕಳಿಸುವ ತಂತ್ರಾಂಶ. ನಮ್ಮ ದೋಣಿಯಂತ್ರದ ರೇಡಿಯೋ ಚಿಪ್ಪುಗಳು ಹೊರನೋಟಕ್ಕೆ ಒಂದೇ ರೀತಿ ಇದ್ದರೂ ಒಳಗೆ ಮೂರು ಆವೃತ್ತಿಗಳಿದ್ದವು. ತೀರ ಹಳೆಯದಕ್ಕೆ ಉದ್ದದ ಸಂದೇಶ ಬಂದರೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ಅದರ ಜೊತೆ ಚುಟುಕಾದ ಸಂದೇಶಗಳಲ್ಲೇ ವ್ಯವಹರಿಸಬೇಕು. ಹೊಸದಾದರೆ ಉದ್ದದ್ದನ್ನೂ ಸ್ವೀಕರಿಸಬಹುದು. ಬಿರುಗಾಳಿಯ ಎಚ್ಚರಿಕೆ ಉದ್ದದ ಸಂದೇಶ.

ಉತ್ತರ ಸರಿಯಾಗಿ ಸಿಗಬೇಕಾದರೆ ಕೇಳುವ ಹೊತ್ತೂ ಸರಿಯಿರಬೇಕು. ವಿದ್ಯುತ್ತು ಬಂದ ಕೂಡಲೇ ಕೇಳಿದರೆ, ಇನ್ನೂ ಎಚ್ಚರಾಗದ ಚಿಪ್ಪು ಸೊನ್ನೆ ಎಂದುಬಿಡುತ್ತದೆ. "ಈಗಷ್ಟೆ ಹಾಸಿಗೆಯಿಂದ ಎದ್ದವನ ಹತ್ತಿರ ಮನೆ ವಿಳಾಸ ಕೇಳಿದರೆ ಅವ ಎಂತ ಹೇಳಿಯಾನು? ಮುಖ ತೊಳೀಲಿಕ್ಕೆ ಬಿಡು, ಮತ್ತೆ ಕೇಳು," ಎನ್ನುತ್ತಿದ್ದರು ಮೇಡಂ. ಅವರು ಬರೆದ ತಂತ್ರಾಂಶ ಒಮ್ಮೆ ಕೇಳುತ್ತಿತ್ತು, ಕಾಯುತ್ತಿತ್ತು, ಮತ್ತೊಮ್ಮೆ ಕೇಳುತ್ತಿತ್ತು. ಎರಡು ಉತ್ತರಗಳು ಒಂದೇ ಆದರೆ ಮಾತ್ರ ನಂಬುತ್ತಿತ್ತು. ಕೊನೆಗೂ ಉತ್ತರ ಸಿಗದಿದ್ದರೆ ಊಹೆ ಮಾಡದೆ, ನನಗೆ ಗೊತ್ತಿಲ್ಲ ಎಂದು ಕೆಂಪು ದೀಪ ಹಚ್ಚುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಯಂತ್ರವನ್ನು ಮಾಡುವುದು ಎಷ್ಟು ಕಷ್ಟವೆಂದು ಈ ಕ್ಷೇತ್ರದವರಿಗೆ ಗೊತ್ತಿದೆ.

ಪರೀಕ್ಷಿಸುವುದರಲ್ಲೂ ಅವರದೊಂದು ಕ್ರಮ. ರೀಸ್ಟಾರ್ಟ್ ಎಂಬ ಗುಂಡಿ ಇರುವುದನ್ನೇ ಅವರು ಮರೆತಂತಿರುತ್ತಿದ್ದರು. ಗೋಡೆಯಿಂದ ಪ್ಲಗ್ಗನ್ನೇ ಕಿತ್ತು, "ಬಾ, ಒಂದು ಚಾ ಕುಡಿದು ಬರುವ," ಎಂದು ನಡೆದೇಬಿಡುತ್ತಿದ್ದರು. ಒಳಗೆ ಉಳಿದಿರುವ ವಿದ್ಯುತ್ತಿನ ಕೊನೆಯ ಹನಿಯೂ ಆರಬೇಕು, ಆಮೇಲೆ ಚಾಲೂ ಮಾಡಿ ನೋಡಬೇಕು. ಹತ್ತು ಸಲ ಹಾಗೆ ನೋಡುವುದರಲ್ಲಿ ದಿನ ಮುಗಿಯುತ್ತಿತ್ತು. ಚಾ ಮಾತ್ರ ಎರಡು ಸಲ, ಉಳಿದ ಎಂಟು ಸಲ ಅವರು ವರಾಂಡದಲ್ಲಿ ಅಡ್ಡಾಡುತ್ತಿದ್ದರು. ನಾವು ಕಿರಿಯರು ಹಿಂದಿನಿಂದ ನಗುತ್ತಿದ್ದೆವು. ಹೆಚ್ಚು ನಕ್ಕವನು ನಾನು.

ಎರಡು ಸಾವಿರದ ಹದಿನೇಳರಲ್ಲಿ ಈ ಕರಾವಳಿಗೆ ಆ ದೊಡ್ಡ ಚಂಡಮಾರುತ ಬಂದುಹೋದ ಮರುವರ್ಷ, ತಿರುವನಂತಪುರದ ಬಳಿಯ ಮೀನುಗಾರರ ಊರಾದ ವಿಳಿಂಜಂನ ದೋಣಿಗಳಿಗೆ ಯಂತ್ರಗಳನ್ನು ತುರ್ತಾಗಿ ಕೊಡಬೇಕೆಂದು ನಮಗೆ ಆದೇಶ ಬಂತು. ಯಂತ್ರ ಹತ್ತು ಸೆಕೆಂಡಿನೊಳಗೆ ಸಿದ್ಧವಾಗಬೇಕು ಎಂಬ ಷರತ್ತೂ ಅದರಲ್ಲಿತ್ತು. ಮೇಡಂ ಬರೆದದ್ದು ಕೆಲವೊಮ್ಮೆ ಹನ್ನೊಂದು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನಾನು ಕಾಯುವ ಭಾಗವನ್ನು ತೆಗೆದುಹಾಕಿದೆ. ಒಮ್ಮೆಯೇ ಕೇಳುವುದು, ಸೊನ್ನೆ ಬಂದರೆ ಹಳೆಯ ಆವೃತ್ತಿ ಎಂದು ತಿಳಿದು ಮುಂದುವರಿಯುವುದು, ಹಸಿರು ದೀಪ ಹಚ್ಚುವುದು. ನಾಲ್ಕು ಸೆಕೆಂಡಿನಲ್ಲಿ ಯಂತ್ರ ಸಿದ್ಧ. ತಾನಾಗಿಯೇ ರೀಸ್ಟಾರ್ಟ್ ಆಗುತ್ತ ಹೋಗುವಂತೆ ಮಾಡಿ ಊಟಕ್ಕೆ ಹೋದೆ, ಸಂಜೆ ಹೊರಡುವ ಹೊತ್ತಿಗೆ ಸಾವಿರ ಸಲ ಪಾಸಾಗಿತ್ತು. ಮೇಡಂ ಮರುದಿನ ಪ್ಲಗ್ ಕಿತ್ತು ಹತ್ತು ಸಲ ನೋಡಿದರು. ಎರಡು ಸಲ ಸೊನ್ನೆ ಬಂದಿತ್ತು.

ಪರಿಶೀಲನಾ ಸಭೆಯಲ್ಲಿ ಅವರ ಹಾಳೆ ಮತ್ತು ನನ್ನ ಹಾಳೆ ಅಕ್ಕಪಕ್ಕ ಇದ್ದವು. "ಸಾವಿರಕ್ಕೆ ಸಾವಿರ ಒಂದು ಕಡೆ, ಹತ್ತಕ್ಕೆ ಎಂಟು ಇನ್ನೊಂದು ಕಡೆ. ಪ್ಲಗ್ ಸಡಿಲ ಇದ್ದಿರಬಹುದು," ಎಂದು ನಾನು ಹೇಳಿದಾಗ ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ವಾದಿಸಲೂ ಇಲ್ಲ. ನನ್ನ ಸಾವಿರ ಸಲಗಳಲ್ಲಿ ಚಿಪ್ಪಿಗೆ ವಿದ್ಯುತ್ತು ಒಂದು ಸಲವೂ ಕಡಿದಿರಲಿಲ್ಲ. ನಿದ್ದೆಯನ್ನೇ ಮಾಡದವನನ್ನು ಸಾವಿರ ಸಲ ಎಬ್ಬಿಸಿ ಬಂದಿದ್ದೆ. ಅದನ್ನು ಅವರು ತಮ್ಮ ಭಿನ್ನಾಭಿಪ್ರಾಯದ ಟಿಪ್ಪಣಿಯಲ್ಲಿ ಬರೆದು ಕಡತಕ್ಕೆ ಸೇರಿಸಿದರು. ತಂಡದ ಮುಖ್ಯಸ್ಥರಾಗಿ ಅವರ ಸಹಿ ಇಲ್ಲದೆ ಯಂತ್ರಗಳು ಹೊರಡುವಂತಿರಲಿಲ್ಲ.

ಮುಂದಿನ ವಾರ ನನ್ನ ಬಡ್ತಿಯ ಸಂದರ್ಶನವಿತ್ತು. ಆ ಟಿಪ್ಪಣಿ ಕಡತದಲ್ಲಿದ್ದರೆ ನನ್ನ ಕಥೆ ಮುಗಿದಂತೆ ಎಂದು ಯಾರೋ ಕಿವಿಯೂದಿದರು. ನಾನು ಅವರ ಮನೆಗೆ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಅವರು ನೀರುದೋಸೆ ಹುಯ್ಯುತ್ತಿದ್ದರು. ಮದುವೆ ಗೊತ್ತಾಗಿದೆ, ಹುಡುಗಿಯ ಮನೆಯವರಿಗೆ ಬಡ್ತಿಯ ವಿಷಯ ಹೇಳಿಯಾಗಿದೆ, ಈಗ ಮಾನ ಹೋಗುತ್ತದೆ ಎಂದೆಲ್ಲ ಹೇಳುತ್ತ ನಾನು ಅತ್ತೇಬಿಟ್ಟೆ. ಅದು ನಾಟಕವಾಗಿರಲಿಲ್ಲ. ನಾಟಕವಾಗಿದ್ದರೆ ಅವರಿಗೆ ಗೊತ್ತಾಗುತ್ತಿತ್ತು.

"ನಿನಗೆ ನಿಜವಾಗಿ ಅನಿಸುದುಂಟಾ ಗಣೇಶ, ಪ್ಲಗ್ ಸಡಿಲ ಇತ್ತು ಅಂತ?"

"ಹೌದಕ್ಕ," ಎಂದೆ. ಕಚೇರಿಯ ಹೊರಗೆ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಅವರು ಕಾವಲಿಯಿಂದ ದೋಸೆ ತೆಗೆದು ನನ್ನ ತಟ್ಟೆಗೆ ಹಾಕಿದರು. ಎರಡನೆಯ ಸಲ ಕೇಳಲಿಲ್ಲ. ಮರುದಿನ ಟಿಪ್ಪಣಿಯನ್ನು ಹಿಂತೆಗೆದುಕೊಂಡು ಸಹಿ ಹಾಕಿದರು. ಅವರು ನನಗೆ ಮಾಡಿದ ಉಪಕಾರಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅದು, ಮತ್ತು ಯಾವ ಕಾರಣಕ್ಕೂ ಮಾಡಬಾರದಿದ್ದದ್ದು.

ನಮಗೆ ಯಾರಿಗೂ ಗೊತ್ತಿಲ್ಲದಿದ್ದ ಸಂಗತಿಯೊಂದಿತ್ತು. ನಮ್ಮಲ್ಲೊಬ್ಬನೂ ಹೋಗಿ ಕೇಳಿಯೂ ಇರಲಿಲ್ಲ. ವಿಳಿಂಜಂನ ಸಣ್ಣ ದೋಣಿಯವರು ಯಂತ್ರದ ಬ್ಯಾಟರಿಯನ್ನು ದಿನವೂ ಕಳಚಿ ಮನೆಗೊಯ್ದು ಚಾರ್ಜ್ ಮಾಡಿ ಬೆಳಿಗ್ಗೆ ತಂದು ಜೋಡಿಸುತ್ತಿದ್ದರು. ಅಂದರೆ ಸಮುದ್ರಕ್ಕಿಳಿಯುವ ಪ್ರತಿ ಬೆಳಿಗ್ಗೆಯೂ ಅಲ್ಲಿ ನಡೆಯುತ್ತಿದ್ದದ್ದು ಮೇಡಂ ಅವರ ಪರೀಕ್ಷೆ, ನನ್ನದಲ್ಲ.

ಎರಡು ಸಾವಿರದ ಹತ್ತೊಂಬತ್ತರ ಜೂನಿನ ಒಂದು ಬೆಳಿಗ್ಗೆ ಲಾಸರ್ ಎಂಬ ಐವತ್ತು ದಾಟಿದ ಮೀನುಗಾರರ ದೋಣಿ ಮೂವರು ಜೊತೆಗಾರರೊಂದಿಗೆ ಹೊರಟಿತು. ಹತ್ತು ಗಂಟೆಗೆ ಬಿರುಗಾಳಿಯ ಎಚ್ಚರಿಕೆ ಹೊರಟಿತು. ಅಕ್ಕಪಕ್ಕದ ದೋಣಿಗಳು ಹಿಂದಿರುಗಿದವು. ಲಾಸರರ ಯಂತ್ರ ಬೆಳಿಗ್ಗೆ ಸೊನ್ನೆ ಓದಿಕೊಂಡು, ತನ್ನ ಚಿಪ್ಪು ಹಳೆಯದೆಂದು ನಂಬಿ, ಉದ್ದದ ಸಂದೇಶವನ್ನು ಸದ್ದಿಲ್ಲದೆ ಬಿಸಾಡಿ, ಹಸಿರು ದೀಪ ಉರಿಸುತ್ತ ಕೂತಿತ್ತು. ದೋಣಿ ಮಗುಚಿತು. ನಾಲ್ವರನ್ನೂ ಬೇರೆ ದೋಣಿಯವರು ಎತ್ತಿದರು, ಆದರೆ ಎರಡು ದೋಣಿಗಳ ನಡುವೆ ಸಿಕ್ಕಿ ಲಾಸರರ ಬಲಭುಜ ನುಚ್ಚಾಯಿತು. ಅವರು ಮತ್ತೆ ಸಮುದ್ರಕ್ಕೆ ಹೋಗಲಿಲ್ಲ.

ವಿಚಾರಣೆಯಲ್ಲಿ ಕೇಳಿದ ಮುಖ್ಯ ಪ್ರಶ್ನೆ ಒಂದೇ. ಕಾಯುವ ಭಾಗವನ್ನು ತೆಗೆದದ್ದು ಯಾರು? ಮೇಡಂ, "ನನ್ನ ಸಹಿಯಿಂದ ಹೊರಟದ್ದು. ನನ್ನನ್ನೇ ಕೇಳಿ," ಎಂದರು. ಎರಡು ಕುರ್ಚಿ ಆಚೆಗೆ ಕೂತಿದ್ದ ನಾನು ಬಾಯಿ ತೆರೆಯಬೇಕಾದ ಕ್ಷಣ ಅದು. ಬಡ್ತಿ ಬಂದು ಐದು ತಿಂಗಳಾಗಿತ್ತು. ನೀರಿನ ಲೋಟವನ್ನು ನೋಡುತ್ತ ಕೂತೆ. ಇಂದು ಹೇಳುವೆ, ನಾಳೆ ಹೇಳುವೆ ಎಂದುಕೊಳ್ಳುತ್ತಿದ್ದಂತೆ ಆದೇಶ ಹೊರಬಿತ್ತು. ಅವರಿಗೆ ಬರಬೇಕಿದ್ದ ಬಡ್ತಿ ರದ್ದು, ಕೊಚ್ಚಿಗೆ ವರ್ಗ, ಕೈಪಿಡಿಗಳನ್ನು ತಿದ್ದುವ ಕೆಲಸ. ಹೋಗುವ ಮುನ್ನ ಕಾಯುವ ಭಾಗವನ್ನು ಮತ್ತೆ ಸೇರಿಸಿ, ಎಲ್ಲ ಯಂತ್ರಗಳಿಗೂ ತುಂಬಿಸಿ ಹೋದರು. ಹತ್ತು ಸೆಕೆಂಡಿನ ಷರತ್ತನ್ನು ಇಲಾಖೆ ಒಂದೇ ಪತ್ರದಲ್ಲಿ ಕೈಬಿಟ್ಟಿತು. ದೋಣಿಯನ್ನು ನೀರಿಗೆ ತಳ್ಳುವುದಕ್ಕೇ ಅರ್ಧ ಗಂಟೆ ಬೇಕು, ಹತ್ತು ಸೆಕೆಂಡು ಯಾರಿಗೂ ಬೇಕಾಗಿರಲಿಲ್ಲ.

ಆರು ವರ್ಷ ಅವರು ಶುಕ್ರವಾರ ಸಂಜೆಯ ರೈಲಿನಲ್ಲಿ ತಿರುವನಂತಪುರಕ್ಕೆ ಬಂದು, ಭಾನುವಾರದ ಕನ್ನಡ ತರಗತಿ ಮುಗಿಸಿ, ಸೋಮವಾರ ಬೆಳಗಾಗುವ ಮೊದಲೇ ಹೊರಡುತ್ತಿದ್ದರು. ಮಧ್ಯದ ಐದು ದಿನ ದಿನಕರ ಅವರು ಒಬ್ಬರೇ ಅಡುಗೆ ಮಾಡಿಕೊಂಡರು. ನಾನು ಆ ಮನೆಗೆ ಹೋಗುವುದನ್ನೇ ನಿಲ್ಲಿಸಿದ್ದೆ. ಕೆಲಸದ ಒತ್ತಡ ಎಂದು ಹೇಳಿಕೊಂಡಿದ್ದೆ.

ಹಿಂದಿನ ಲೇಖನ ಹರಿದುಹಾಕಿದ ಮೇಲೆ, ನಡೆದದ್ದನ್ನೆಲ್ಲ ವಿವರವಾಗಿ ಬರೆದು, ನಮ್ಮಿಬ್ಬರ ಪರೀಕ್ಷಾ ಹಾಳೆಗಳ ಪ್ರತಿಗಳನ್ನೂ ಲಗತ್ತಿಸಿ, ಮೇಲಧಿಕಾರಿಗಳಿಗೆ ಒಂದು ಪತ್ರ ಸಿದ್ಧಮಾಡಿದೆ. ಕಳಿಸುವ ಮೊದಲು ಎಡಪ್ಪಳ್ಳಿಗೆ ಹೋದೆ. ಜಂಕ್ಷನ್ನಿನ ಗಲಾಟೆ ಒಳಗೂ ಕೇಳುವ ಆ ಸಣ್ಣ ಕೋಣೆಯಲ್ಲಿ ಮೇಡಂ ಕನ್ನಡಕ ಏರಿಸಿ ಪತ್ರವನ್ನು ಎರಡು ಸಲ ಓದಿದರು. ಹನ್ನೆರಡು ಸೆಕೆಂಡು ಎಂದು ಬರೆದಿದ್ದೆ, ಪೆನ್ಸಿಲಿನಲ್ಲಿ ಹನ್ನೊಂದು ಎಂದು ತಿದ್ದಿದರು.

"ಕಳಿಸು. ಬೇಡ ಹೇಳುದಿಲ್ಲ ನಾನು. ಆದರೆ ಇದರಲ್ಲಿ ನನ್ನದೆಂತದೂ ತಪ್ಪಿಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಹೊಡೆದು ಹಾಕು. ಸೊನ್ನೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಸಹಿ ಹಾಕಿದೆ. ನೀನು ನೋಡದೆ ತಪ್ಪು ಮಾಡಿದವ. ನನ್ನದು ಅದಕ್ಕಿಂತ ದೊಡ್ಡದು ಅಲ್ಲವಾ?"

"ಅದು ನನ್ನಿಂದಾಗಿ ಅಲ್ವಾ ಅಕ್ಕ?"

"ನಿನ್ನಿಂದಾಗಿಯೇ," ಎಂದರು. ಸಮಾಧಾನದ ಮಾತು ಬರಬಹುದೆಂದು ಕಾದೆ, ಬರಲಿಲ್ಲ. ಪತ್ರವನ್ನು ಮಡಚಿ ಕೈಗೆ ಕೊಡುತ್ತ ಕೇಳಿದರು: "ಲಾಸರನಿಗೆ ನೀನು ಇಷ್ಟರವರೆಗೆ ಮುಖ ತೋರಿಸಿದ್ದುಂಟಾ?"

ತೋರಿಸಿರಲಿಲ್ಲ. ಪತ್ರ ಕಳಿಸಿದೆ. ಮೂರು ವಾರಕ್ಕೆ ಉತ್ತರ ಬಂತು. ಅಂತಿಮ ಸಹಿ ಸಂಬಂಧಪಟ್ಟ ಅಧಿಕಾರಿಯದೇ ಆಗಿರುವುದರಿಂದ, ಅವರು ಸದ್ಯದಲ್ಲೇ ನಿವೃತ್ತರಾಗುತ್ತಿರುವುದರಿಂದ, ಕಡತವನ್ನು ಮತ್ತೆ ತೆರೆಯುವ ಅಗತ್ಯ ಕಂಡುಬರುವುದಿಲ್ಲ. ಎರಡು ಸಾಲು, ಅಷ್ಟೇ. ಆರು ವರ್ಷ ಮೊದಲೇ ನಾಲ್ಕು ಮಾತು ಆಡಿದ್ದರೆ ಸಾಕಾಗಿತ್ತು. ಈಗ ನಾಲ್ಕು ಪುಟ ಬರೆದರೂ ಕೆಲಸಕ್ಕೆ ಬರಲಿಲ್ಲ.

ಆ ಶನಿವಾರವೇ ವಿಳಿಂಜಂಗೆ ಹೋದೆ. ಹೊಸ ಬಂದರಿನ ಎತ್ತರದ ಕ್ರೇನುಗಳು ಕಾಣುವ ಅಂಗಳದಲ್ಲಿ ಲಾಸರ್ ಎಡಗೈಯಲ್ಲಿ ಬಲೆ ಹೊಲಿಯುತ್ತಿದ್ದರು. ಕಚೇರಿಯಿಂದ ಬಂದವನೆಂದು ಹೇಳಿಕೊಂಡೆ. ಒಳಗಿನಿಂದ ಕುರ್ಚಿ ತರಿಸಿ ಕೂರಿಸಿದರು, ಚಾ ತರಿಸಿದರು. ಅಷ್ಟರ ಮೇಲೆ ನನಗೆ ಬರುವ ಮಲಯಾಳದಲ್ಲಿ ಎಲ್ಲವನ್ನೂ ಹೇಳಿದೆ. ಕಾಯುವ ಭಾಗವನ್ನು ತೆಗೆದವನು ನಾನು, ಪ್ಲಗ್ ಸಡಿಲ ಎಂದವನು ನಾನು, ಅತ್ತು ಸಹಿ ಹಾಕಿಸಿಕೊಂಡವನೂ ನಾನು.

ಅವರು ಬಲೆಯ ಗಂಟು ಮುಗಿಸಿದರು. ಆಮೇಲೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿದರು: "ನಿಮ್ಮ ಕಚೇರಿಯ ಆ ಟೀಚರ್ ಪ್ರತಿ ವರ್ಷ ಜೂನಿನಲ್ಲಿ ಇಲ್ಲಿಗೆ ಬರ್ತಾರೆ ಸಾರ್. ಮೊದಲನೇ ವರ್ಷವೇ ಹೇಳಿದ್ರು, ನನ್ನ ತಪ್ಪಿನಿಂದ ನಿನ್ನ ಕೈ ಹೋಯ್ತು ಅಂತ. ಬೇರೆ ಯಾರ ಹೆಸರೂ ಹೇಳ್ಲಿಲ್ಲ. ಅಗೋ, ಆ ತೆಂಗಿನ ಮರದ ಹತ್ತಿರ ನಿಂತು ಭುಜ ಹೇಗಿದೆ ಅಂತ ಕೇಳಿ ಹೋಗ್ತಾರೆ. ಆರು ವರ್ಷ ಆಯ್ತು. ಒಂದು ಸಲವೂ ನಾನು ಅವರಿಗೆ ಕೂತುಕೊಳ್ಳಿ ಅಂತ ಹೇಳ್ಲಿಲ್ಲ."

ನಾನು ಅವರ ಕುರ್ಚಿಯಲ್ಲಿ ಕೂತು, ಅವರ ಚಾ ಕುಡಿದಿದ್ದೆ. ಎದ್ದು ನಿಂತೆ. ಅವರು ಕೂತುಕೊಳ್ಳಿ ಎನ್ನಲಿಲ್ಲ.

ಹಸ್ತಪ್ರತಿ ಓದಿದ ನಿರ್ಮಲ ಅವರು ಗಾಬರಿಯಾಗಿ, "ಅಭಿನಂದನ ಗ್ರಂಥದಲ್ಲಿ ಇದನ್ನ ಹೇಗೆ ಹಾಕೋದು?" ಎಂದು ಮೇಡಂ ಅವರನ್ನೇ ಕೇಳಿದರಂತೆ. ಹಾಕಿ ಎಂದರಂತೆ. ಆದ್ದರಿಂದ ಇದು ನಿಮ್ಮ ಕೈಯಲ್ಲಿದೆ. ನಿವೃತ್ತಿಯ ಬಳಿಕ ಅವರು ತಿರುವನಂತಪುರದಲ್ಲೇ ಇದ್ದು, ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ಯಂತ್ರಗಳು ಕಣ್ಣು ತೆರೆಯುವ ಆ ಮೊದಲ ಕ್ಷಣಗಳ ಬಗ್ಗೆ ಪಾಠ ಮಾಡಲಿದ್ದಾರೆಂದು ತಿಳಿದು ಸಂತೋಷವಾಗಿದೆ. ದಿನಕರ ಅವರೊಂದಿಗೆ ಅವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಅವರ ಕೈಯಿಂದ ಇನ್ನೂ ಬಹಳಷ್ಟು ಕೆಲಸವಾಗಲಿ. ಅವರಿಗೆ ಇನ್ನೊಂದನ್ನೂ ಕೋರುತ್ತೇನೆ, ಅದು ಸ್ವಲ್ಪ ಕಲ್ಲು ಮನಸ್ಸು. ಮುಂದೆಂದಾದರೂ ನನ್ನಂಥ ಶಿಷ್ಯನೊಬ್ಬ ಬಂದು ಅವರೆದುರು ಕೂತು ಅತ್ತರೆ, ಅವನಿಗೆ ಹೊಟ್ಟೆ ತುಂಬ ದೋಸೆ ಹಾಕಲಿ, ಕಣ್ಣೊರೆಸಲಿ, ಸಹಿ ಮಾತ್ರ ಹಾಕದೆ ಮನೆಗೆ ಕಳಿಸಲಿ.